ಮೌನಲೋಕದ ಯಾತ್ರಿಕ

ಮಹಾಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳು ಇರತಕ್ಕದ್ದೆಂದು ನಮ್ಮ ಪ್ರಾಚೀನರು ವಿಧಿಸಿದರು. ಆ ಹದಿನೆಂಟರಲ್ಲಿ ಸಮುದ್ರವೂ ಒಂದು. ಆದುದರಿಂದ ಕಡಲನ್ನು ಕಂಡಿದ್ದ ಕವಿಯೂ ಕಾಣದ ಕವಿಯೂ ಸಮಾನವಾದ ಉತ್ಸಾಹದಿಂದ ಅದನ್ನು ಬಣ್ಣಿಸಿದರು. ತೆರೆ, ನೊರೆ, ಘೋಷ, ತಿಮಿಂಗಿಲ, ಮುತ್ತು, ಹವಳ ಎಲ್ಲವೂ ಅಲ್ಲಿ ಉಂಟು. ಆದರೆ ಈ ಪದ್ಯಗಳನ್ನು ಪಾಠ ಹೇಳುವಾಗಲೆಲ್ಲ ನನಗೆ ಒಂದು ಸಂಗತಿ ಹೊಳೆಯುತ್ತದೆ: ಕವಿ ನಿಂತಿರುವುದು ದಡದ ಮೇಲೆ. ಮುತ್ತು ತೆಗೆಯುವ ಮುಳುಗುಗಾರರು ಒಳಗಿಳಿಯುತ್ತಿದ್ದರು, ನಿಜ. ಅವರು ಕಾವ್ಯ ಬರೆಯಲಿಲ್ಲ, ಒಂದೆರಡು ನಿಮಿಷದ ಉಸಿರಿನಲ್ಲಿ ಕೈಗೆ ಸಿಕ್ಕಷ್ಟು ಚಿಪ್ಪು ಬಾಚಿಕೊಂಡು ಮೇಲೆ ಬರುತ್ತಿದ್ದರು. ನೀರೊಳಗೆ ನಿಂತು ಉಸಿರಾಡಿದ ಮನುಷ್ಯನೊಬ್ಬನನ್ನು ನಮ್ಮ ಕಾವ್ಯದಲ್ಲಿ ಹುಡುಕಹೊರಟರೆ ಮೊದಲು ನೆನಪಾಗುವವನು ರನ್ನನ ದುರ್ಯೋಧನ. ಅವನಿಗೂ ಜಲಮಂತ್ರದ ನೆರವು ಬೇಕಾಯಿತು. ಮೇಲಾಗಿ ಅವನು ವೈಶಂಪಾಯನ ಸರೋವರವನ್ನು ಹೊಕ್ಕದ್ದು ನೋಡುವುದಕ್ಕಲ್ಲ, ಅಡಗುವುದಕ್ಕೆ.

ಈಗ ಕಾಲ ಬೇರೆಯಾಗಿದೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ, ನೇತ್ರಾಣಿ ದ್ವೀಪದ ಬಳಿ ಕಡಲಿಗಿಳಿದು, ಹವಳವನ್ನೂ ಬಣ್ಣಬಣ್ಣದ ಮೀನುಗಳನ್ನೂ ನೋಡಿ ಬಂದ ವಿದ್ಯಾರ್ಥಿಗಳು ಇಂದು ನಮ್ಮ ತರಗತಿಗಳಲ್ಲಿಯೇ ಇದ್ದಾರೆ. ಬೆನ್ನಿಗೊಂದು ಗಾಳಿಯ ಸಿಲಿಂಡರು, ಬಾಯಲ್ಲಿ ಉಸಿರಿನ ಕೊಳವೆ, ಕಣ್ಣಿಗೆ ಗಾಜಿನ ಮುಖವಾಡ, ಕಾಲಿಗೆ ರಬ್ಬರಿನ ಈಜುರೆಕ್ಕೆ. ಸ್ಕೂಬಾ ಎಂದು ಕರೆಯುವ ವಿದ್ಯೆಗೆ ಬೇಕಾದ ಸಾಮಗ್ರಿ ಹೆಚ್ಚುಕಡಿಮೆ ಇಷ್ಟೆ. ದುರ್ಯೋಧನನ ಮಂತ್ರವನ್ನು ಯಂತ್ರವಾಗಿಸಿ ಲೋಕದ ಕೈಗೆ ಕೊಟ್ಟ ಇಬ್ಬರಲ್ಲಿ ಒಬ್ಬನು ಫ್ರಾನ್ಸಿನ ಝಾಕ್-ಈವ್ ಕೂಸ್ತೋ. ಅವನ ಸಾಹಸವನ್ನು ಹೊಗಳಿದವರು ಬೇಕಾದಷ್ಟು ಜನರಿದ್ದಾರೆ. ನಾನು ಅವನನ್ನು ಕುರಿತು ಬರೆಯಲು ಕಾರಣ ಬೇರೆ. ಕಡಲನ್ನು ಅಷ್ಟು ಪ್ರೀತಿಸಿದವನು ಅದಕ್ಕೆ ಮಾಡಿದ ಗಾಯಗಳು ಸಣ್ಣವಲ್ಲ. ಆ ಪ್ರೀತಿಯಲ್ಲಿ ಎಚ್ಚರ ಮೂಡುವುದಕ್ಕೆ ಅವನ ಆಯುಷ್ಯದ ಅರ್ಧಕ್ಕಿಂತ ಹೆಚ್ಚು ಭಾಗ ಬೇಕಾಯಿತು.

ಕೂಸ್ತೋ ಹುಟ್ಟಿದ್ದು ೧೯೧೦ರ ಜೂನ್ ೧೧ರಂದು, ಬೋರ್ದೋ ನಗರಕ್ಕೆ ಸಮೀಪದ ಸೇಂತ್-ಆಂದ್ರೆ-ದ-ಕ್ಯೂಬ್ಜಾಕ್ ಎಂಬ ಊರಿನಲ್ಲಿ. ದ್ರಾಕ್ಷಿಯ ತೋಟಗಳ ಸೀಮೆ ಅದು, ಕಡಲ ತಡಿಯಲ್ಲ. ಹುಡುಗ ನಿಶ್ಶಕ್ತ, ಆಗಾಗ ಕಾಯಿಲೆ. ತಂದೆಯ ಉದ್ಯೋಗದ ದೆಸೆಯಿಂದ ಕುಟುಂಬವು ಕೆಲಕಾಲ ಅಮೆರಿಕದಲ್ಲಿತ್ತು. ಅಲ್ಲಿ ಬೇಸಗೆಯ ಶಿಬಿರವೊಂದರಲ್ಲಿ, ಮಕ್ಕಳು ಧುಮುಕುವ ಜಾಗದ ಕೆಳಗೆ ಕೆರೆಯ ತಳದಲ್ಲಿ ಬಿದ್ದಿದ್ದ ಕೊಂಬೆ ಕಡ್ಡಿಗಳನ್ನು ಎತ್ತಿಹಾಕುವ ಕೆಲಸ ಇವನ ಪಾಲಿಗೆ ಬಂತು. ಉಸಿರು ಕಟ್ಟಿ ಮುಳುಗುವುದನ್ನು ಅವನು ಕಲಿತದ್ದು ಹೀಗೆ. ಹದಿಮೂರನೆಯ ವಯಸ್ಸಿನಲ್ಲಿ ಕೂಡಿಟ್ಟ ಹಣದಿಂದ ಒಂದು ಸಿನಿಮಾ ಕ್ಯಾಮರಾ ಕೊಂಡ. ಇನ್ನು ಮುಂದಿನ ಬಾಳೆಲ್ಲ ಈ ಎರಡು ಚಪಲಗಳ ಕೂಟ: ಮುಳುಗಬೇಕು, ಕಂಡದ್ದನ್ನು ನಾಲ್ಕು ಜನಕ್ಕೆ ತೋರಿಸಬೇಕು. ಎರಡನೆಯ ಚಪಲ ಮೊದಲನೆಯದಕ್ಕಿಂತ ಬಲವಾಗಿತ್ತೆಂದು ನನಗೆ ಅನೇಕ ಸಲ ಅನ್ನಿಸಿದೆ.

೧೯೩೦ರಲ್ಲಿ ನೌಕಾಪಡೆಯ ವಿದ್ಯಾಲಯವನ್ನು ಸೇರಿದನು. ಅವನ ಆಸೆ ಇದ್ದದ್ದು ಕಡಲಿನ ಆಳದ ಮೇಲಲ್ಲ, ಆಕಾಶದ ಮೇಲೆ. ವಿಮಾನ ನಡೆಸುವ ಶಿಕ್ಷಣ ಪಡೆಯುತ್ತಿದ್ದಾಗ, ೧೯೩೬ರಲ್ಲಿ, ಮೋಟಾರು ಅಪಘಾತದಲ್ಲಿ ಎರಡು ತೋಳುಗಳೂ ಮುರಿದವು. ವಿಮಾನದ ಕನಸು ಅಲ್ಲಿಗೆ ಮುಗಿಯಿತು. ತೋಳುಗಳಿಗೆ ಕಸುವು ಮರಳಲೆಂದು ತೂಲೋಂ ನಗರದ ಕಡಲಲ್ಲಿ ದಿನವೂ ಈಜತೊಡಗಿದನು. ಅಲ್ಲಿ ಅವನ ಮೇಲಧಿಕಾರಿಯೂ ಗೆಳೆಯನೂ ಆಗಿದ್ದ ಫಿಲಿಪ್ ತಾಯಿಯೇ ಎಂಬಾತನು ನೀರು ಹೊಗದ ಕನ್ನಡಕವೊಂದನ್ನು ಕೊಟ್ಟ. ಅದನ್ನು ತೊಟ್ಟು ಮುಖವನ್ನು ನೀರಿನಲ್ಲಿ ಅದ್ದಿದ ಗಳಿಗೆಯೇ ತನ್ನ ಬಾಳು ತಿರುಗಿದ ಗಳಿಗೆಯೆಂದು ಕೂಸ್ತೋ ಕೊನೆಯವರೆಗೂ ನೆನೆಯುತ್ತಿದ್ದ. ನೀರಿನ ಮೇಲೆ ಎಂದಿನ ಊರು, ಎಂದಿನ ಜನ. ಒಂದು ಗೇಣು ಕೆಳಗೆ ಪಾಚಿಯ ಕಾಡು, ಮೀನುಗಳ ಹಿಂಡು. ಮರುವರ್ಷ ಸಿಮೋನ್ ಮೆಲ್ಶಿಯೋರ್ ಎಂಬ ಕನ್ಯೆಯನ್ನು ಮದುವೆಯಾದ. ಆಕೆಯ ತಂದೆ ನೌಕಾಪಡೆಯ ಅಧಿಕಾರಿಯಾಗಿದ್ದು, ಅನಿಲಗಳನ್ನು ತಯಾರಿಸುವ ಏರ್ ಲಿಕೀದ್ ಎಂಬ ಕಂಪನಿಯ ಆಡಳಿತದಲ್ಲಿದ್ದರು. ಈ ಸಂಬಂಧವು ಮುಂದೆ ಉಪಯೋಗಕ್ಕೆ ಬಂತು.

ಇಲ್ಲಿ ಉಸಿರಿನ ಸಮಸ್ಯೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀರಿನಲ್ಲಿ ೧೦ ಮೀಟರು ಇಳಿದರೆ ಮೈಮೇಲಣ ಒತ್ತಡವು ದಡದಲ್ಲಿದ್ದುದರ ಇಮ್ಮಡಿಯಾಗುತ್ತದೆ. ೨೦ ಮೀಟರಿಗೆ ಮುಮ್ಮಡಿ. ಎದೆಗೂಡನ್ನು ಅಷ್ಟು ಭಾರ ಹಿಂಡುತ್ತಿರುವಾಗ ಮೇಲಿನ ಸಾಧಾರಣ ಗಾಳಿಯನ್ನು ಕೊಳವೆಯಿಂದ ಹೀರಿಕೊಳ್ಳುವುದು ಆಗದ ಮಾತು. ಒಳಗೆ ಬರುವ ಗಾಳಿ ಹೊರಗಿನ ನೀರಿನಷ್ಟೇ ಒತ್ತಡದಲ್ಲಿ ಬರಬೇಕು. ಬೇಕೆಂದಾಗ ಬರಬೇಕು, ಸಾಕೆಂದಾಗ ನಿಲ್ಲಬೇಕು. ಫ್ರಾನ್ಸಿನ ರೂಕೆರೋಲ್ ಮತ್ತು ದನೆರೂಝ್ ಎಂಬಿಬ್ಬರು ೧೮೬೫ರ ಹೊತ್ತಿಗೇ ಇಂಥ ಕವಾಟವೊಂದನ್ನು ಮಾಡಿದ್ದರು. ಝೂಲ್ ವೆರ್ನ್ ತನ್ನ ಕಾದಂಬರಿಯ ನೀಮೋ ನಾಯಕನನ್ನು ಕಡಲತಳದಲ್ಲಿ ನಡೆಸುವಾಗ ಇವರ ಯಂತ್ರವನ್ನೇ ನೆನೆದಿದ್ದಾನೆ. ಆದರೆ ಆ ಕಾಲದ ಲೋಹದ ಪಾತ್ರೆಗಳು ಹೆಚ್ಚು ಗಾಳಿಯನ್ನು ಅಡಕಿ ಹಿಡಿಯಲಾರದವು. ಕಲ್ಪನೆಯಲ್ಲಿ ನಡೆದಷ್ಟು ದೂರ ಕಾರ್ಯದಲ್ಲಿ ನಡೆಯಲಾಗಲಿಲ್ಲ. ಕೂಸ್ತೋ ಶುದ್ಧ ಆಮ್ಲಜನಕವನ್ನು ಉಸಿರಾಡುತ್ತ ಇಳಿದು ನೋಡಿದನು. ಒತ್ತಡದಲ್ಲಿ ಆ ಪ್ರಾಣವಾಯುವೇ ವಿಷವಾಗುತ್ತದೆ. ಎರಡು ಸಲ ಮೈ ಸೆಳೆತು, ಪ್ರಜ್ಞೆ ತಪ್ಪುವ ಹಂತದಲ್ಲಿ ಮೇಲೆ ಬಂದು ಬದುಕಿದ.

ಅಷ್ಟರಲ್ಲಿ ಯುದ್ಧ ಬಂತು, ಫ್ರಾನ್ಸ್ ಸೋತಿತು. ಪೆಟ್ರೋಲು ಸಿಕ್ಕದೆ ಜನರು ಸೌದೆಯ ಹೊಗೆಯನಿಲದಿಂದ ಕಾರುಗಳನ್ನು ಓಡಿಸಬೇಕಾಯಿತು. ಅದಕ್ಕಾಗಿ ಏರ್ ಲಿಕೀದ್ ಕಂಪನಿಯ ಎಂಜಿನಿಯರು ಎಮಿಲ್ ಗಾನ್ಯಾಂ ಒಂದು ಕವಾಟವನ್ನು ರೂಪಿಸಿದ್ದನು. ೧೯೪೨ರ ಕೊನೆಯಲ್ಲಿ ಕೂಸ್ತೋ ಅವನನ್ನು ಕಂಡು ತನಗೆ ಬೇಕಾದುದನ್ನು ವಿವರಿಸಿದನು. ಕಾರಿನ ಹಸಿವಿಗೆ ಮಾಡಿದ್ದನ್ನು ಮನುಷ್ಯನ ಉಸಿರಿಗೆ ಹೊಂದಿಸಲು ಗಾನ್ಯಾಂನಿಗೆ ಹೆಚ್ಚು ದಿನ ಹಿಡಿಯಲಿಲ್ಲ. ಮೊದಲ ಪರೀಕ್ಷೆ ಚಳಿಗಾಲದಲ್ಲಿ, ಮಾರ್ನ್ ನದಿಯಲ್ಲಿ. ಅಡ್ಡಲಾಗಿ ಈಜಿದರೆ ಯಂತ್ರ ಸರಿ. ನೆಟ್ಟಗೆ ನಿಂತರೆ ಗಾಳಿ ಸೋರಿಹೋಗುತ್ತಿತ್ತು, ತಲೆಕೆಳಗಾದರೆ ಗಾಳಿಯೇ ಬಾರದು. ಉಸಿರು ಬಿಡುವ ಕಂಡಿ ಒಂದು ಮಟ್ಟದಲ್ಲಿ, ಉಸಿರು ಕೊಡುವ ಕವಾಟ ಇನ್ನೊಂದು ಮಟ್ಟದಲ್ಲಿ ಇದ್ದುದೇ ದೋಷ. ಎರಡನ್ನೂ ಒಂದೇ ಎಡೆಗೆ ತಂದರು, ದೋಷ ಹೋಯಿತು. ೧೯೪೩ರ ಜೂನ್ ತಿಂಗಳಲ್ಲಿ ಬಾಂದೋಲ್ ಎಂಬಲ್ಲಿನ ಕಡಲಿನಲ್ಲಿ ಕೂಸ್ತೋ ಹೊಸ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದನು. ಮೇಲೆ ಸಿಮೋನ್ ಮುಖವಾಡ ತೊಟ್ಟು ತೇಲುತ್ತ ಅವನನ್ನು ಕಾಯುತ್ತಿದ್ದಳು. ದಡದಲ್ಲಿ ಗೆಳೆಯ ಫ್ರೆದೆರಿಕ್ ದ್ಯುಮಾ, ಆಪತ್ತಾದರೆ ಧುಮುಕಲು ಸಿದ್ಧನಾಗಿದ್ದ. ಕೂಸ್ತೋ ಕೆಳಗೆ ಲಾಗ ಹಾಕಿದ, ಮಗ್ಗುಲಾದ, ತಲೆಕೆಳಗಾಗಿ ನಿಂತ. ಉಸಿರು ಎಲ್ಲಿಯೂ ತಡೆಯಲಿಲ್ಲ. ಹಗ್ಗವಿಲ್ಲ, ಮೇಲಿನಿಂದ ಗಾಳಿ ಒತ್ತುವ ಪಂಪಿಲ್ಲ, ತಲೆಯ ಮೇಲೆ ತಾಮ್ರದ ಕೊಪ್ಪರಿಗೆಯಿಲ್ಲ. ಪರರ ಆಳ್ವಿಕೆಯಲ್ಲಿ ತಾಯ್ನೆಲ ನರಳುತ್ತಿದ್ದ ವರ್ಷದಲ್ಲಿ, ಒಬ್ಬನಿಗೆ ಕಡಲ ಕೆಳಗೆ ಇಷ್ಟು ಸ್ವಾತಂತ್ರ್ಯ ಸಿಕ್ಕಿತು.

ಆ ಸ್ವಾತಂತ್ರ್ಯದಿಂದ ಮೊದಲು ಮಾಡಿದ್ದೇನು? ಮುಳುಗಿದ ಹಡಗುಗಳನ್ನು ಹೊಕ್ಕದ್ದು. ತೂಲೋಂ, ಮಾರ್ಸೇಯ್‌ಗಳ ಆಸುಪಾಸಿನಲ್ಲಿ ತಳ ಸೇರಿದ್ದ ಹಡಗುಗಳಲ್ಲಿ ಗೆಳೆಯರು ಸುಳಿದಾಡಿ ಚಿತ್ರ ತೆಗೆದರು. ಚಿತ್ರದ ಹೆಸರು ಎಪಾವ್. ಒಡೆದ ಹಡಗುಗಳು ಎಂದೇ ಅದರ ಅರ್ಥ. ಯುದ್ಧಕಾಲದಲ್ಲಿ ಇಟಲಿಯವರ ವಿರುದ್ಧ ಗುಪ್ತಕಾರ್ಯ ನಡೆಸಿದ್ದಕ್ಕಾಗಿ ಕೂಸ್ತೋವಿಗೆ ಗೌರವ ಸಂದಿತು. ಅದೇ ಕಾಲದಲ್ಲಿ ಅವನ ಅಣ್ಣ ಜರ್ಮನರ ಪಕ್ಷದ ಪತ್ರಿಕೆಯಲ್ಲಿ ಬರೆದು ೧೯೪೬ರಲ್ಲಿ ಮರಣದಂಡನೆಗೆ ಗುರಿಯಾದನು. ಶಿಕ್ಷೆ ಆಮೇಲೆ ಇಳಿಯಿತು. ಒಂದೇ ಮನೆಯ ಎರಡು ದಾರಿಗಳು.

ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. ಆಳಕ್ಕೆ ಹೋದಂತೆಲ್ಲ ಗಾಳಿಯಲ್ಲಿನ ಸಾರಜನಕವು ಮನಸ್ಸಿಗೆ ಮತ್ತೇರಿಸುತ್ತದೆ. ಮದ್ಯ ಕುಡಿದವನ ಸುಖ ಬರುತ್ತದೆ, ವಿವೇಕ ಹೋಗುತ್ತದೆ. ಈ ಮತ್ತಿನ ಎಲ್ಲೆಯನ್ನು ಅಳೆಯಲು ೧೯೪೭ರಲ್ಲಿ ಹಗ್ಗವೊಂದಕ್ಕೆ ಅಲ್ಲಲ್ಲಿ ಹಲಗೆಗಳನ್ನು ಕಟ್ಟಿ ಇಳಿಬಿಟ್ಟರು. ಇಳಿದವನು ತಾನು ಮುಟ್ಟಿದ ಹಲಗೆಯ ಮೇಲೆ ಗುರುತು ಬರೆದು ಬರಬೇಕು. ಮೋರಿಸ್ ಫಾರ್ಗ್ ಎಂಬ ಸಂಗಾತಿ ೧೨೦ ಮೀಟರಿನ ಹಲಗೆಯ ಮೇಲೆ ತನ್ನ ಹೆಸರಿನ ಅಕ್ಷರಗಳನ್ನು ಬರೆದನು. ಮೇಲಕ್ಕೆಳೆದಾಗ ಉಸಿರಿನ ಕೊಳವೆ ಬಾಯಿಂದ ಕಳಚಿತ್ತು, ಫಾರ್ಗ್ ಬದುಕಲಿಲ್ಲ. ಆ ಅಕ್ಷರಗಳಿಂದ ತಿಳಿದದ್ದು ಮನುಷ್ಯನು ಮುಟ್ಟಬಹುದಾದ ಆಳವೇ, ಮುಟ್ಟಬಾರದ ಆಳವೇ?

೧೯೫೦ರಲ್ಲಿ ಕೂಸ್ತೋವಿಗೆ ಹಡಗು ದೊರೆಯಿತು. ಅಮೆರಿಕದಲ್ಲಿ ಕಟ್ಟಿದ, ಯುದ್ಧದಲ್ಲಿ ಸಿಡಿಮದ್ದಿನ ಗುಂಡುಗಳನ್ನು ಹುಡುಕಿ ತೆಗೆಯುತ್ತಿದ್ದ ಮರದ ಹಡಗು. ಅನಂತರ ಮಾಲ್ಟಾದಲ್ಲಿ ಜನರನ್ನು ದಾಟಿಸುತ್ತಿತ್ತು. ಶ್ರೀಮಂತರೊಬ್ಬರು ಅದನ್ನು ಕೊಂಡು ವರ್ಷಕ್ಕೆ ಒಂದು ಫ್ರಾಂಕಿನ ಬಾಡಿಗೆಗೆ ಇವನಿಗೆ ಬಿಟ್ಟುಕೊಟ್ಟರು. ಹೆಸರು ಕ್ಯಾಲಿಪ್ಸೊ. ಹೋಮರನ ಕಾವ್ಯದಲ್ಲಿ ನಾಯಕನನ್ನು ಏಳು ವರ್ಷ ತನ್ನ ದ್ವೀಪದಲ್ಲಿ ಹಿಡಿದಿಟ್ಟ ಅಪ್ಸರೆ ಆಕೆ. ಈ ಕ್ಯಾಲಿಪ್ಸೊ ತನ್ನ ನಾಯಕನನ್ನು ಹಿಡಿದಿಟ್ಟದ್ದು ನಾಲ್ವತ್ತೈದು ವರ್ಷ. ಹಡಗನ್ನು ಸಜ್ಜುಗೊಳಿಸುವ ವೆಚ್ಚಕ್ಕೆ ಸಿಮೋನ್ ತನ್ನ ಒಡವೆಗಳನ್ನು ಮಾರಿದಳೆಂದು ಹೇಳುತ್ತಾರೆ. ಗಂಡನಿಗಿಂತ ಹೆಚ್ಚು ದಿನ ಹಡಗಿನಲ್ಲಿದ್ದವಳು ಆಕೆ. ನಾವಿಕರಿಗೆ ತಾಯಿಯಂತೆ, ಯಜಮಾನಿಯಂತೆ ಇದ್ದು, ಕ್ಯಾಮರಾದ ಎದುರಿಗೆ ಮಾತ್ರ ಬರಲೊಲ್ಲದವಳು.

ಮಾರ್ಸೇಯ್‌ಗೆ ಎದುರಾಗಿ ಗ್ರಾಂ ಕೊಂಗ್ಲುಎ ಎಂಬ ಬೋಳು ಬಂಡೆಯ ದ್ವೀಪವಿದೆ. ೧೯೫೨ರಲ್ಲಿ ಅದರ ಬುಡದಲ್ಲಿ, ನಾಲ್ವತ್ತು ಮೀಟರಿನಷ್ಟು ಆಳದಲ್ಲಿ, ರೋಮನರ ಕಾಲದ ಹಡಗೊಂದು ಸಿಕ್ಕಿತು. ಎರಡು ಹಿಡಿಗಳ ಮಣ್ಣಿನ ಗುಡಾಣಗಳು, ಕಪ್ಪು ಮೆರುಗಿನ ತಟ್ಟೆ ಬಟ್ಟಲುಗಳು ಸಾವಿರಗಟ್ಟಲೆ ಇದ್ದವು. ಕೂಸ್ತೋವಿನ ತಂಡ ಐದು ವರ್ಷ ಅಲ್ಲಿ ದುಡಿಯಿತು; ಒಬ್ಬ ತರುಣ ಮುಳುಗುಗಾರ ಅಲ್ಲಿಯೇ ಪ್ರಾಣ ತೆತ್ತನು. ಅಷ್ಟು ಶ್ರಮದ ಫಲಕ್ಕೆ ಒಂದು ಕೊರತೆ ಅಂಟಿಕೊಂಡಿತು. ಉತ್ಖನನದ ಹೊಣೆ ಹೊತ್ತ ವಿದ್ವಾಂಸನು ಮೇಲೆ ಹಡಗಿನಲ್ಲಿ ಕುಳಿತಿದ್ದ. ಕೆಳಗಿಳಿದ ಧೀರರಿಗೆ ಪುರಾತತ್ತ್ವ ತಿಳಿಯದು. ಅಲ್ಲಿದ್ದದ್ದು ಒಂದರ ಮೇಲೊಂದು ಬಿದ್ದಿದ್ದ, ಬೇರೆ ಬೇರೆ ಕಾಲದ, ಎರಡು ಹಡಗುಗಳೆಂಬುದು ಬಹಳ ವರ್ಷಗಳ ಮೇಲೆ ಸ್ಪಷ್ಟವಾಯಿತು. ಅಷ್ಟರಲ್ಲಿ ಪದರಗಳು ಕಲಸಿಹೋಗಿದ್ದವು. ಹಳಗನ್ನಡದ ಓಲೆಗಳನ್ನು ಕಟ್ಟು ಬಿಚ್ಚಿ ಗರಿಗಳ ಕ್ರಮ ತಪ್ಪಿಸಿದರೆ ಏನಾಗುತ್ತದೆಂದು ಬಲ್ಲವರಿಗೆ ಈ ನಷ್ಟವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮುಂದಿನ ತಲೆಮಾರಿನ ವಿದ್ವಾಂಸರು ತಾವೇ ಮುಳುಗುವುದನ್ನು ಕಲಿತರು.

ಇನ್ನು ಅವನ ಕೀರ್ತಿಗೆ ಮೂಲವಾದ ಕೃತಿ. ಮೌನಲೋಕ ಎಂದು ನಾವು ಕರೆಯಬಹುದಾದ ಪುಸ್ತಕವನ್ನು ಅವನು ದ್ಯುಮಾನೊಡನೆ ಬರೆದು ೧೯೫೩ರಲ್ಲಿ ಹೊರತಂದನು. ಅದೇ ಹೆಸರಿನ ಚಲನಚಿತ್ರಕ್ಕೆ ಲುಯಿ ಮಾಲ್ ಎಂಬ ಇಪ್ಪತ್ತರ ಹರಯದ ತರುಣನು ಜೊತೆ ನಿರ್ದೇಶಕನಾದ. ೧೯೫೬ರಲ್ಲಿ ಕಾನ್ ಉತ್ಸವದ ಪರಮ ಪಾರಿತೋಷಕವೂ ಮರುವರ್ಷ ಆಸ್ಕರ್ ಬಹುಮಾನವೂ ಅದಕ್ಕೆ ಬಂದವು. ಆ ಚಿತ್ರವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಬೆರಗಾದೆ, ಎರಡನೆಯ ಸಲ ನೊಂದೆ.

ಬೆರಗಿಗೆ ಕಾರಣಗಳು ಅಲ್ಲಿ ತುಂಬಿವೆ. ಕೆಂಪು ಸಮುದ್ರದ ತಳದಲ್ಲಿ ಥಿಸಲ್‌ಗಾರ್ಮ್ ಎಂಬ ಬ್ರಿಟಿಷ್ ಹಡಗು ಮಲಗಿದೆ. ೧೯೪೧ರ ಅಕ್ಟೋಬರ್ ೬ರ ರಾತ್ರಿ ಜರ್ಮನ್ ವಿಮಾನದ ಬಾಂಬುಗಳಿಗೆ ಸಿಕ್ಕಿ ಮುಳುಗಿದ್ದು. ಒಂಬತ್ತು ಜನ ಸತ್ತರು. ಹಡಗಿನ ಹೊಟ್ಟೆಯಲ್ಲಿ ಮೋಟಾರು ಸೈಕಲ್ಲುಗಳು, ಲಾರಿಗಳು, ಬಂದೂಕುಗಳು, ಸೈನಿಕರ ಬೂಟುಗಳು; ಹತ್ತಿರದಲ್ಲಿ ರೈಲಿನ ಎಂಜಿನು. ಕೂಸ್ತೋವಿನ ತಂಡ ಅದನ್ನು ಹುಡುಕಿ ಹೊಕ್ಕಿತು. ಮುಳುಗುಗಾರನು ಗಂಟೆಗೆ ಹತ್ತಿದ್ದ ಕಸುರನ್ನು ಕೆರೆದಾಗ ಹಡಗಿನ ಹೆಸರು ಮೆಲ್ಲಮೆಲ್ಲನೆ ತೋರಿಬರುತ್ತದೆ. ಮನುಷ್ಯರು ಕೊಲ್ಲುವುದಕ್ಕೆಂದು ಕಳುಹಿಸಿದ ಸರಕಿನ ಮೇಲೆ ಹವಳ ಚಿಗುರಿದೆ, ಮೀನುಗಳು ಮನೆ ಮಾಡಿವೆ. ಮತ್ತೊಂದೆಡೆ, ಹಿಂದೂ ಮಹಾಸಾಗರದ ಹವಳದ ದಿಬ್ಬದಲ್ಲಿ, ಜೋಜೋ ಎಂದು ಹೆಸರಿಟ್ಟ ದೊಡ್ಡ ಮೀನು ನಾಯಿಮರಿಯಂತೆ ಇವರ ಹಿಂದೆ ಮುಂದೆ ಸುತ್ತುತ್ತದೆ.

ನೋವಿಗೆ ಕಾರಣಗಳೂ ಅದೇ ಚಿತ್ರದಲ್ಲಿವೆ. ಮೀನುಗಳ ಗಣತಿ ಮಾಡಬೇಕೆಂದು ಹವಳದ ದಿಬ್ಬದ ನಡುವೆ ಡೈನಮೈಟ್ ಸಿಡಿಸುತ್ತಾರೆ. ಸತ್ತ ಮೀನುಗಳನ್ನು ಮರಳಿನ ಮೇಲೆ ಹರಡಿ ಎಣಿಸುತ್ತಾರೆ. ಹಡಗಿನ ಚಕ್ರಕ್ಕೆ ಸಿಕ್ಕಿ ಗಾಯಗೊಂಡ ತಿಮಿಂಗಿಲದ ಮರಿಯನ್ನು ಗುಂಡಿಟ್ಟು ಕೊಲ್ಲುತ್ತಾರೆ. ಆ ಹೆಣವನ್ನು ತಿನ್ನಲು ಶಾರ್ಕುಗಳು ಬಂದರೆ, ಅವುಗಳ ಮೇಲೆ ಹಗೆ ತೀರಿಸುವವರಂತೆ, ಹಡಗಿನ ಅಟ್ಟಕ್ಕೆಳೆದು ಕೊಡಲಿಯಿಂದ ಕಡಿಯುತ್ತಾರೆ. ಶಾರ್ಕು ಮಾಡಿದ ತಪ್ಪೇನು? ತನ್ನ ಜಾತಿಧರ್ಮದಂತೆ ಹೆಣ ತಿಂದದ್ದು. ಹೆಣ ಮಾಡಿದವರು ಇವರು. ಅಂದಿನ ಕಾಲವೇ ಹಾಗಿತ್ತು, ಸಮುದ್ರ ತೀರದ ವಸ್ತುವೆಂದು ಯಾರೂ ತಿಳಿದಿರಲಿಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಈ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಜೋಜೋ ಅಡ್ಡ ನಿಲ್ಲುತ್ತದೆ. ಒಂದು ಮೀನಿನ ಕಣ್ಣಿನಲ್ಲಿ ಸ್ನೇಹವನ್ನು ಕಂಡವನಿಗೆ ಉಳಿದ ಮೀನುಗಳು ಲೆಕ್ಕದ ಸಂಖ್ಯೆಯಾಗಬಾರದಾಗಿತ್ತು. ಅದೇ ವರ್ಷಗಳಲ್ಲಿ, ಯಾತ್ರೆಯ ವೆಚ್ಚಕ್ಕಾಗಿ, ಕ್ಯಾಲಿಪ್ಸೊ ಅಬುಧಾಬಿಯ ಬಳಿ ಕಡಲ ತಳದಲ್ಲಿ ಎಣ್ಣೆಯನ್ನು ಹುಡುಕಿಕೊಡುವ ಕೆಲಸವನ್ನೂ ಮಾಡಿತೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಅವನ ಮನಸ್ಸು ತಿರುಗಿದ್ದು ಒಂದೇ ದಿನದಲ್ಲಿ ಅಲ್ಲ. ೧೯೫೭ರಲ್ಲಿ ಮೊನಾಕೋದ ಸಾಗರವಿಜ್ಞಾನ ಸಂಗ್ರಹಾಲಯಕ್ಕೆ ಮುಖ್ಯಸ್ಥನಾದನು. ೧೯೬೦ರಲ್ಲಿ ಫ್ರಾನ್ಸಿನ ಅಣುಶಕ್ತಿಯ ಆಡಳಿತವು ವಿಕಿರಣದ ಕಸವನ್ನು ಮೆಡಿಟರೇನಿಯನ್ನಿಗೆ ಸುರಿಯಲು ಹೊರಟಾಗ ಬಹಿರಂಗವಾಗಿ ಎದುರು ನಿಂತನು. ಜನರ ವಿರೋಧ ಬಲವಾಗಿ ಆ ಯೋಜನೆ ನಿಂತಿತು. ಆದರೂ ಆ ದಶಕದಲ್ಲಿ ಅವನ ಕನಸು ಕಡಲನ್ನು ಕಾಯುವುದಕ್ಕಿಂತ ಅದರಲ್ಲಿ ವಾಸಮಾಡುವುದಾಗಿತ್ತು. ೧೯೬೨ರಲ್ಲಿ ಇಬ್ಬರು ಒಂದು ವಾರ ಮಾರ್ಸೇಯ್ ಬಳಿ ನೀರಿನಡಿಯ ಮನೆಯಲ್ಲಿದ್ದರು. ಮರುವರ್ಷ ಸೂಡಾನಿನ ಕಡೆಯ ಶಾಬ್ ರೂಮಿ ಹವಳದ ದಿಬ್ಬದ ಬಳಿ ೧೦ ಮೀಟರು ಆಳದಲ್ಲಿ ಒಂದು ಹಳ್ಳಿಯನ್ನೇ ಕಟ್ಟಿದರು; ಐವರು ತಿಂಗಳ ಕಾಲ ಅಲ್ಲಿ ಸಂಸಾರ ಹೂಡಿದರು. ಕೂಸ್ತೋ ದಂಪತಿಗಳು ತಮ್ಮ ಮದುವೆಯ ೨೬ನೆಯ ವರ್ಷವನ್ನು ಆ ಮನೆಯೊಳಗೇ ಆಚರಿಸಿದರು. ೧೯೬೫ರಲ್ಲಿ ಆರು ಜನ ೧೦೦ ಮೀಟರಿನ ಆಳದಲ್ಲಿ ಮೂರು ವಾರ ಇದ್ದು ಬಂದರು. ಅಲ್ಲಿಗೆ ಆ ಕನಸು ಮುಗಿಯಿತು. ಶಾಬ್ ರೂಮಿಯಲ್ಲಿ ಜಲನೌಕೆಯನ್ನು ನಿಲ್ಲಿಸಲು ಕಟ್ಟಿದ್ದ ಲೋಹದ ಗುಮ್ಮಟ ಇಂದಿಗೂ ಇದೆ, ಮೈತುಂಬ ಹವಳ ಹೊದ್ದುಕೊಂಡು.

೧೯೬೮ರಿಂದ ಅವನ ದೂರದರ್ಶನ ಚಿತ್ರಮಾಲೆ ಮನೆಮನೆಯನ್ನು ಹೊಕ್ಕಿತು. ಕೆಂಪು ಟೋಪಿಯ ಬಡಕಲು ಮುದುಕನನ್ನು ಕಾಣದ ದೇಶವಿಲ್ಲವೆಂಬಂತಾಯಿತು. ಆ ಚಿತ್ರಗಳಲ್ಲಿ ಕೆಲವು ಸನ್ನಿವೇಶಗಳನ್ನು ಹೊಂಚಿ ಏರ್ಪಡಿಸಿದ್ದರೆಂಬ ಆಕ್ಷೇಪಣೆ ಉಂಟು, ಅದು ಸುಳ್ಳಲ್ಲ. ಆದರೆ ಜಗತ್ತನ್ನು ಸುತ್ತಿ ಮತ್ತೆ ಮೆಡಿಟರೇನಿಯನ್ನಿಗೆ ಮರಳಿ, ತರುಣನಾಗಿದ್ದಾಗ ತಾನೇ ಮುಳುಗಿ ಚಿತ್ರ ತೆಗೆದಿದ್ದ ಎಡೆಗಳನ್ನು ನೋಡಿದಾಗ ಅವನಿಗಾದ ದುಃಖವನ್ನು ಏರ್ಪಡಿಸಿದ್ದೆನ್ನಲಾಗದು. ಮೀನುಗಳಿದ್ದ ಕಡೆ ಬರಿಯ ಬಂಡೆ, ಹುಲ್ಲುಗಾವಲಿದ್ದ ಕಡೆ ಕೆಸರು. ಕಾರಖಾನೆಗಳ ಕೊಳೆ ಒಂದು ಕಾರಣ. ಅವನ ಯಂತ್ರವನ್ನೇ ಬೆನ್ನಿಗೇರಿಸಿ ಈಟಿ ಹಿಡಿದು ಇಳಿದವರು ಇನ್ನೊಂದು ಕಾರಣ. ತಾನು ತೆರೆದ ಬಾಗಿಲಿಂದ ಯಾರು ಯಾರು ಒಳಹೊಕ್ಕರೆಂಬುದನ್ನು ನೋಡುವಷ್ಟು ದೀರ್ಘಾಯುಷ್ಯ ಅವನಿಗಿತ್ತು. ಮುಂದೆ ಅವನು ಲೋಕದ ಮುಂದೆ ಹೇಳಿದ್ದೆಲ್ಲ ಒಂದೇ ಮಾತು, ಕಡಲನ್ನು ಉಳಿಸಿರೆಂದು. ದಕ್ಷಿಣಧ್ರುವ ಖಂಡದಲ್ಲಿ ಗಣಿ ತೋಡಬಾರದೆಂದು ಸಹಿ ಸಂಗ್ರಹಿಸಿ ರಾಷ್ಟ್ರನಾಯಕರ ಬಾಗಿಲು ತಟ್ಟಿದನು. ೧೯೯೧ರಲ್ಲಿ ಅದಕ್ಕೆ ಒಪ್ಪಂದವಾಯಿತು. ಆಗ ಅವನಿಗೆ ಎಂಬತ್ತೊಂದು ವರ್ಷ.

ಇದರ ನಡುವೆ ಎರಡು ಸಂಗತಿಗಳು. ೧೯೭೫ರಲ್ಲಿ ಗ್ರೀಸಿನ ಕೇಯಾ ದ್ವೀಪದ ಬಳಿ ಬ್ರಿಟಾನಿಕ್ ಹಡಗನ್ನು ಅವನ ತಂಡ ಪತ್ತೆ ಹಚ್ಚಿತು. ಟೈಟಾನಿಕ್‌ಗೆ ತಂಗಿಯಂತಿದ್ದ ಈ ಹಡಗು ಆಸ್ಪತ್ರೆಯಾಗಿ ಸಂಚರಿಸುತ್ತಿದ್ದಾಗ ೧೯೧೬ರಲ್ಲಿ ಮುಳುಗಿತ್ತು. ಅಂದು ಬದುಕುಳಿದಿದ್ದ ದಾದಿಯೊಬ್ಬಳನ್ನು, ಆಕೆಯ ಎಂಬತ್ತಾರನೆಯ ವಯಸ್ಸಿನಲ್ಲಿ, ಕೂಸ್ತೋ ಆ ನೀರಿಗೆ ಮತ್ತೆ ಕರೆತಂದನು. ಎರಡನೆಯದು ದುಃಖದ್ದು. ೧೯೭೯ರ ಜೂನ್ ೨೮ರಂದು, ತನ್ನ ಕೆಲಸಕ್ಕೆ ವಾರಸುದಾರನೆಂದು ನಂಬಿದ್ದ ಕಿರಿಯ ಮಗ ಫಿಲಿಪ್, ಲಿಸ್ಬನ್ನಿನ ತೇಜು ನದಿಯ ಮೇಲೆ ಜಲವಿಮಾನ ಮುಗುಚಿ ಸತ್ತನು. ಅನಂತರ ಹಿರಿಯ ಮಗ ತಂದೆಯ ಜೊತೆ ದುಡಿದನು. ಕೊನೆಗೆ ಆ ಸಂಬಂಧವೂ ಹೆಸರಿನ ಹಕ್ಕಿನ ಮೊಕದ್ದಮೆಯವರೆಗೆ ಹೋಯಿತು. ೧೯೮೮ರಲ್ಲಿ ಫ್ರೆಂಚ್ ಅಕಾಡೆಮಿಯು ಅವನನ್ನು ಸದಸ್ಯನನ್ನಾಗಿ ಆರಿಸಿತು. ಸಾಹಿತಿಗಳ ಪೀಠದಲ್ಲಿ ಮುಳುಗುಗಾರನು ಕುಳಿತದ್ದು ನನಗೇನೋ ಸಂತೋಷದ ಸಂಗತಿ.

ಸಿಮೋನ್ ೧೯೯೦ರ ಡಿಸೆಂಬರಿನಲ್ಲಿ ತೀರಿಕೊಂಡಳು. ಕೂಸ್ತೋವಿಗೆ ಅದಾಗಲೇ ಇನ್ನೊಂದು ಮನೆಯೂ ಎರಡು ಮಕ್ಕಳೂ ಇದ್ದರು. ಮರುವರ್ಷ ಆ ಸ್ತ್ರೀಯನ್ನು ವಿವಾಹವಾದನು. ೧೯೯೬ರ ಜನವರಿ ೮ರಂದು ಸಿಂಗಪುರದ ಬಂದರಿನಲ್ಲಿ ಸರಕುದೋಣಿಯೊಂದು ಬಡಿದು ಕ್ಯಾಲಿಪ್ಸೊ ಮುಳುಗಿತು. ಒಡೆದ ಹಡಗುಗಳನ್ನು ಹುಡುಕುತ್ತ ಬಾಳು ಸವೆಸಿದವನ ಹಡಗು ತಾನೇ ತಳ ಕಂಡಿತು. ಅದನ್ನು ಎತ್ತಿ ಫ್ರಾನ್ಸಿಗೆ ತಂದರು. ವರ್ಷಾನುವರ್ಷ ಬಂದರುಗಳಲ್ಲಿ ಹಲಗೆ ಕಳಚಿ ನಿಂತಿತು. ಅದು ಮತ್ತೆ ತೇಲುವುದನ್ನು ಕೂಸ್ತೋ ನೋಡಲಿಲ್ಲ. ೧೯೯೭ರ ಜೂನ್ ೨೫ರಂದು ಪ್ಯಾರಿಸಿನಲ್ಲಿ ಕಣ್ಣು ಮುಚ್ಚಿದನು. ನೋತ್ರ್ ದಾಮ್ ಮಂದಿರದಲ್ಲಿ ಅಂತ್ಯಪ್ರಾರ್ಥನೆ ನಡೆದ ಮೇಲೆ ದೇಹವನ್ನು ಹುಟ್ಟಿದೂರಿಗೆ ಒಯ್ದು, ದ್ರಾಕ್ಷಿ ತೋಟಗಳ ಆ ಸೀಮೆಯಲ್ಲಿ, ಕುಟುಂಬದವರ ಸಮಾಧಿಯಲ್ಲಿ ಮಣ್ಣು ಮಾಡಿದರು. ಸಿಮೋನಳ ಬೂದಿಯನ್ನು ಏಳು ವರ್ಷದ ಹಿಂದೆಯೇ ಮೊನಾಕೋದ ಎದುರಿನ ಕಡಲಿನಲ್ಲಿ ಬಿಟ್ಟಿದ್ದರು.